ಕೆನ್ನೆಗೆ ಕೆತ್ತಿದ ಮರ

"ಈ ಸ್ಕ್ರೂಗಳನ್ನ ಬಿಚ್ಚಿದ್ದು ಯಾರು ಸಾಬ್? ನಿಮ್ಮ ಪೊಲೀಸ್ನೋರಾ?"

"ನಮ್ಮೋರು ಯಾರೂ ಮುಟ್ಟಿಲ್ಲ. ಸಿಕ್ಕಿದ ಹಾಗೇ ಬಟ್ಟೆ ಸುತ್ತಿ ಇಟ್ಟಿದ್ವಿ."

"ಹಾಗಾದ್ರೆ ಇನ್ಯಾರೋ ಬಿಚ್ಚಿದಾರೆ. ಬಿಚ್ಚಿ ಮತ್ತೆ ಹಾಕಿದಾರೆ."

ಅಹ್ಮದ್ ಪಾಷಾ ಏರ್ ರೈಫಲನ್ನು ತೊಡೆಯ ಮೇಲೆ ಮಗುಚಿ ಮಲಗಿಸಿಕೊಂಡು ಕನ್ನಡಕವನ್ನು ಹಣೆಗೇರಿಸಿದ. ಶಿವಾಜಿನಗರದ ಆ ಗಲ್ಲಿಯಲ್ಲಿ ನಲವತ್ತು ವರ್ಷದಿಂದ ಬಂದೂಕುಗಳಿಗೆ ಮರದ ಹಿಡಿ ಕೆತ್ತುತ್ತ ಬಂದಿದ್ದ ಮುದುಕ ಅವನು. ಕಲಿತವರು ಸ್ಟಾಕ್ ಎನ್ನುವುದನ್ನು ಅವನು ಕುಂದಾ ಎನ್ನುತ್ತಿದ್ದ. ಅಂಗಡಿಯ ಅಗಲ ಎಂಟಡಿ. ಗೋಡೆಗೆ ಒರಗಿಸಿದ್ದ ಅರ್ಧ ಕೆತ್ತಿದ ಮರಗಳ ನಡುವೆ ಕುಳಿತುಕೊಳ್ಳಲು ಒಂದೇ ಸ್ಟೂಲು.

ಸಬ್ ಇನ್‌ಸ್ಪೆಕ್ಟರ್ ಲಕ್ಷ್ಮಿಕಾಂತ ಆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡ. ಅವನು ಬಂದದ್ದು ಬರೀ ಒಂದು ಹೇಳಿಕೆಗೆ. ಈ ಹಿಡಿಯನ್ನು ಉಮಾಶ್ರೀ ಎಂಬ ಹುಡುಗಿಗಾಗಿ ತಾನೇ ಮಾಡಿಕೊಟ್ಟದ್ದು ಎಂದು ಪಾಷಾ ಸಹಿ ಹಾಕಿದರೆ ಕೇಸು ಮುಗಿದ ಹಾಗೆ ಎಂದುಕೊಂಡಿದ್ದ.

ಕೇಸು ನೋಡಲು ಅಷ್ಟು ಸುಲಭವಾಗಿತ್ತು. ಗುರುವಾರ ಸಂಜೆ ನಾಲ್ಕೂವರೆಗೆ, ಇಂದಿರಾನಗರದಲ್ಲಿ ಶೂಟಿಂಗ್ ಕೋಚ್ ಜಗನ್‌ನ ಮನೆಯ ಹಿತ್ತಿಲಲ್ಲಿ, ಹತ್ತೊಂಬತ್ತು ವರ್ಷದ ಶಿಷ್ಯೆ ರಮ್ಯಶ್ರೀಯ ಬಲಗಣ್ಣಿಗೆ ಸೀಸದ ಸಣ್ಣ ಗುಂಡು ಬಡಿದಿತ್ತು. ಟೆರೇಸಿನ ಮೆಟ್ಟಿಲ ಮೇಲೆ ಸಿಕ್ಕಿದ್ದು ಇದೇ ರೈಫಲ್, ಮೂರನೇ ನಂಬರಿನದು. ಅದನ್ನು ಬಳಸುತ್ತಿದ್ದವಳು ಇನ್ನೊಬ್ಬ ಶಿಷ್ಯೆ ಉಮಾಶ್ರೀ. ಎರಡು ದಿನ ಮೊದಲು ಒಂದೇ ಒಂದು ಪಾಯಿಂಟಿನಲ್ಲಿ ರಮ್ಯಶ್ರೀಗೆ ಸೋತು ರಾಷ್ಟ್ರೀಯ ಶಿಬಿರದ ಅವಕಾಶ ಕಳೆದುಕೊಂಡವಳು. ಸೋತ ದಿನ ಎಲ್ಲರೆದುರು "ಅವಳ ಕಣ್ಣು ಹೋಗ್ಲಿ" ಎಂದಿದ್ದವಳು.

ಎಲ್ಲಕ್ಕಿಂತ ಹೆಚ್ಚಾಗಿ, ಉಮಾಶ್ರೀ ಎಡ ಭುಜಕ್ಕೆ ಬಂದೂಕು ಕೊಟ್ಟು ಹೊಡೆಯುವವಳು. ಈ ಹಿಡಿಯೂ ಎಡ ಭುಜಕ್ಕೇ ಕೆತ್ತಿದ್ದು. ಬಲಗೈಯವರು ಎತ್ತಿಕೊಂಡರೆ ಕೆನ್ನೆ ಇಡುವ ಉಬ್ಬು ಆಚೆ ಬದಿಗೆ ಹೋಗುತ್ತಿತ್ತು. ಈ ಬಂದೂಕಿನಿಂದ ಇಪ್ಪತ್ತು ಮೀಟರು ದೂರದಲ್ಲಿ ಒಂದು ಮುಖಕ್ಕೆ ಗುರಿ ಹಿಡಿಯುವುದು ಅವಳೊಬ್ಬಳಿಗೇ ಸಾಧ್ಯ ಎಂದು ಜಗನ್‌ನೇ ಹೇಳಿಕೆ ಕೊಟ್ಟಿದ್ದ.

"ಸ್ಕ್ರೂ ಬಿಚ್ಚಿದ್ದು ನಿಮಗೆ ಹೇಗೆ ಗೊತ್ತಾಯ್ತು?"

"ಸಾಬ್, ಸ್ಪ್ರಿಂಗ್ ಬಂದೂಕಿನ ಜಾತಿನೇ ಬೇರೆ. ಮದ್ದಿನ ಬಂದೂಕು ಒಂದು ಸಲ ಒದೆಯುತ್ತೆ. ಇದು ಎರಡು ಸಲ. ಟ್ರಿಗರ್ ಎಳೆದ್ರಿ ಅನ್ನಿ, ಸ್ಪ್ರಿಂಗ್ ಮುಂದಕ್ಕೆ ಹಾರುತ್ತೆ, ಬಂದೂಕು ಹಿಂದಕ್ಕೆ ಬರುತ್ತೆ. ಸ್ಪ್ರಿಂಗ್ ಹೋಗಿ ಕೊನೇಲಿ ನಿಲ್ಲುತ್ತೆ, ಬಂದೂಕು ಮುಂದಕ್ಕೆ ಎಳೆಯುತ್ತೆ. ಗುಂಡು ಆಚೆ ಬೀಳೋದ್ರೊಳಗೆ ಇಷ್ಟೆಲ್ಲಾ ಕುಣಿದಿರುತ್ತೆ ಇದು."

"ಅದಕ್ಕೆ?"

"ಅದಕ್ಕೇ ಕುಂದಾ ಮುಖ್ಯ. ಕೆನ್ನೆ ಪ್ರತಿ ಸಲ ಅದೇ ಜಾಗದಲ್ಲಿ ಕೂರಬೇಕು. ಭುಜದಿಂದ ಟ್ರಿಗರ್‌ವರೆಗೆ ಅವರವರ ಕೈಯ ಅಳತೆ ಇರಬೇಕು. ಮುಂದಿನ ಕೈ ಬಂದೂಕನ್ನ ಬಿಗಿಯಾಗಿ ಹಿಡೀಬಾರ್ದು, ಅದು ಅಂಗೈ ಮೇಲೆ ಸುಮ್ನೆ ಮಲಗಬೇಕು. ಇದರಲ್ಲಿ ಯಾವುದು ಒಂಚೂರು ತಪ್ಪಿದ್ರೂ ಗುಂಡು ಎಲ್ಲೋ ಹೋಗುತ್ತೆ. ಕಬ್ಬಿಣ ಎಲ್ಲರಿಗೂ ಒಂದೇ ಸಾಬ್. ಮರ ಒಬ್ಬರಿಗೇ."

ಪಾಷಾ ಸ್ಕ್ರೂಡ್ರೈವರಿನ ತುದಿಯಿಂದ ಹಿಡಿಯ ಅಡಿಯಲ್ಲಿದ್ದ ಮೂರು ಸ್ಕ್ರೂಗಳನ್ನು ಒಂದೊಂದಾಗಿ ತೋರಿಸಿದ.

"ಎರಡು ಕಡೆ ಒದೆಯೋ ಬಂದೂಕಲ್ವಾ, ಸ್ಕ್ರೂ ತಾನಾಗೇ ಸಡಿಲ ಆಗುತ್ತೆ. ಅದಕ್ಕೆ ನಾನು ಬಿಗಿ ಮಾಡಿ ತಲೆ ತುಂಬಾ ಜೇನುಮೇಣ ತುಂಬ್ತೀನಿ. ಹೋದ ತಿಂಗಳು ಆ ಹುಡುಗಿ ಬಂದಾಗ ಹೊಸದಾಗಿ ತುಂಬಿ ಕೊಟ್ಟಿದ್ದೆ. ಈಗ ನೋಡಿ."

ಮೂರರಲ್ಲೂ ಮೇಣ ಇರಲಿಲ್ಲ. ಒಂದರ ಅಂಚಿನಲ್ಲಿ ಹೊಸ ಗೀರು ಹೊಳೆಯುತ್ತಿತ್ತು.

"ಬಿಚ್ಚಿ ನೋಡಿ" ಎಂದ ಲಕ್ಷ್ಮಿಕಾಂತ.

ಮೂರು ಸ್ಕ್ರೂ ತೆಗೆದದ್ದೇ ಕಬ್ಬಿಣದ ಭಾಗ ಮರದ ತೊಟ್ಟಿಲಿನಿಂದ ಎದ್ದು ಬಂತು. ಪಾಷಾ ಕೊಳವೆಯನ್ನು ಬಾಗಿಲ ಬೆಳಕಿಗೆ ಹಿಡಿದ. ಅಡಿಯಲ್ಲಿ ಮೆತ್ತಿದ್ದ ಕಪ್ಪು ಗ್ರೀಸಿನಲ್ಲಿ ಏನೋ ಅಂಟಿತ್ತು. ಅವನು ಚಿಮಟಿಗೆಯಲ್ಲಿ ಅದನ್ನು ಎತ್ತಿ ಬಿಳಿ ಕಾಗದದ ಮೇಲೆ ಇಟ್ಟ. ಅರ್ಧ ಇಂಚಿನ ಕೆಂಪು ಉಣ್ಣೆಯ ಎಳೆ. ಪಕ್ಕದಲ್ಲಿ ಇನ್ನೊಂದು. ಮತ್ತೊಂದು.

ಮುದುಕ ಕನ್ನಡಕವನ್ನು ಮೂಗಿಗಿಳಿಸಿ ಎಳೆಗಳ ಮೇಲೆ ಬಾಗಿದ.

"ಏನು ಪಾಷಾ ಸಾಹೇಬ್ರೆ?"

"ಬನಾತು. ಮರದೊಳಗೆ ಕಬ್ಬಿಣ ಕೂರೋ ಜಾಗಕ್ಕೆ ಹಾಸೋ ಉಣ್ಣೆ ಬಟ್ಟೆ. ಅದುರು ಕಮ್ಮಿ ಆಗ್ಲಿ ಅಂತ. ಈ ಹುಡುಗಿ ಕುಂದಾದಲ್ಲಿ ಇಲ್ಲ, ಇಲ್ಲೇ ನೋಡಿ, ಬರೀ ಮರ. ನಾನು ನನ್ನ ಜೀವಮಾನದಲ್ಲಿ ಒಂದೇ ಕುಂದಾಗೆ ಕೆಂಪು ಬನಾತು ಹಾಕಿರೋದು."

"ಯಾರದ್ದು?"

"ಜಗನ್ ಸಾಹೇಬರ ಹೆಂಡತೀದು. ರೇವತಿ ಮೇಡಂ. ಎಂಬತ್ತೊಂಬತ್ತರಲ್ಲಿ ಅವರು ಸ್ಟೇಟ್ ಚಾಂಪಿಯನ್. ಹನ್ನೊಂದು ಸಲ ಇಲ್ಲಿಗೆ ಬಂದು ಕೂತಿದಾರೆ, ಈ ಸ್ಟೂಲ್ ಮೇಲೇನೇ. ಪ್ರತಿ ಸಲ ಕೆನ್ನೆ ಇಟ್ಟು ನೋಡೋರು, ನಾನು ಒಂದು ಪದರ ತೆಗೆಯೋನು. ಅಕ್ರೋಟಿನ ಮರ. ಅಂಥದ್ದು ಮತ್ತೆ ನನ್ನ ಕೈಲಿ ಆಗಿಲ್ಲ."

"ಅದು ಈಗ ಎಲ್ಲಿದೆ?"

ಪಾಷಾ ಚಿಮಟಿಗೆಯನ್ನು ಮೇಜಿನ ಮೇಲೆ ಕುಕ್ಕಿದ.

"ಏಪ್ರಿಲ್‌ನಲ್ಲಿ ಜಗನ್ ಸಾಹೇಬ್ರು ಅದನ್ನ ಎತ್ಕೊಂಡು ಬಂದ್ರು. ಕೆನ್ನೆ ಕಡೆ ಕಾಲಿಂಚು ಇಳಿಸಿ, ರಮ್ಯಶ್ರೀ ಅಂತ ಹೊಸ ಹುಡುಗಿಗೆ ಬೇಕು ಅಂದ್ರು. ಮೇಡಂ ಒಪ್ಪಿದಾರಾ ಅಂದೆ. ನಿನಗ್ಯಾಕೆ ಅಂದ್ರು. ನಾನು ಆಗಲ್ಲ ಅಂದೆ. ಬೇರೆ ಯಾರ ಹತ್ರಾನೋ ಮಾಡಿಸಿದ್ರು. ನಾನು ಕೆತ್ತಿದ ಮರದ ಮೇಲೆ ಯಾವನೋ ರಂದಾ ಹೊಡೆದು ಹೆರೆದುಬಿಟ್ಟ ಸಾಬ್! ನನಗೇ ನಾಲ್ಕು ದಿನ ಊಟ ಸೇರಲಿಲ್ಲ. ಆಯಮ್ಮನಿಗೆ ಹೇಗಾಗಿರಬೇಕು?"

ಲಕ್ಷ್ಮಿಕಾಂತ ಕೆಂಪು ಎಳೆಗಳನ್ನು ಲಕೋಟೆಗೆ ಹಾಕಿ ಅಂಟಿಸಿದ. ಸಹಿ ಮಾತ್ರ ಹಾಕಿಸಿಕೊಳ್ಳಲಿಲ್ಲ.

* * *

ಬೈಯಪ್ಪನಹಳ್ಳಿಯಲ್ಲಿ ಸಾಲು ಮನೆಗಳ ಕೊನೆಯ ಕೋಣೆ ಉಮಾಶ್ರೀಯದು. ಹೊಸಿಲಲ್ಲಿ ಅವಳ ತಾಯಿ ಜಟ್ಟೆಮ್ಮ ಕುಳಿತಿದ್ದಳು. ನಾಲ್ಕು ದಿನದಿಂದ ಕಟ್ಟಡದ ಕೆಲಸಕ್ಕೆ ಹೋಗಿರಲಿಲ್ಲ. ಜೀಪು ಕಂಡದ್ದೇ ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಇವತ್ತೂ ಕರಕೊಂಡು ಹೋಗ್ತೀರೇನ್ರಿ ಸಾಹೇಬ್ರ? ಮುಂಜಾನಿಂದ ಏನೂ ತಿಂದಿಲ್ಲರಿ ಆಕಿ."

"ಇಲ್ಲಬೇ, ಇಲ್ಲೇ ಒಂದೆರಡು ಮಾತು ಕೇಳ್ತೀನಿ" ಎಂದ ಲಕ್ಷ್ಮಿಕಾಂತ. ಅವರಂತೆ ಅವನೂ ಲಿಂಗಸುಗೂರಿನ ಕಡೆಯವನು. ಬೆಂಗಳೂರಿಗೆ ಬಂದು ಹದಿನೈದು ವರ್ಷವಾದರೂ ಆ ಮಾತು ಕೇಳಿದರೆ ನಾಲಿಗೆ ತಾನಾಗಿಯೇ ತಿರುಗುತ್ತಿತ್ತು.

ಒಳಗೆ ಉಮಾಶ್ರೀ ಗೋಡೆಗೆ ಒರಗಿ ಕುಳಿತಿದ್ದಳು. ಹದಿನೆಂಟು ವರ್ಷದ ಗಿಡ್ಡ ಹುಡುಗಿ. ಕಣ್ಣು ಬಾತಿದ್ದವು.

"ಗುರುವಾರ ನಿನ್ನ ಬಂದೂಕು ಎಲ್ಲಿ ಇಟ್ಟಿದ್ದಿ?"

"ಶೆಡ್‌ನ್ಯಾಗ, ಗೋಡಿ ಸ್ಟ್ಯಾಂಡಿನ ಮ್ಯಾಲೆ. ಮೂರೂವರೆಗೆ ಇಟ್ಟು ಹೊರಗ ಬಂದೀನ್ರಿ. ರೈಲು ಹಳಿ ಬಾಜೂಕ ಕುಂತು ಅತ್ತೀನಿ. ಯಾರೂ ನೋಡಿಲ್ಲ. ಎಷ್ಟು ಸಲ ಕೇಳಿದ್ರೂ ಇದೇ ರೀ ಸರ್."

"ರಮ್ಯಶ್ರೀ ಬಂದೂಕು?"

"ಆಕೀದು ಸ್ಪ್ರಿಂಗ್ ಮುರಿದಿತ್ತು. ಜಗನ್ ಸರ್ ಕಬ್ಬಿಣ ಬಿಚ್ಚಿ ರಿಪೇರಿಗೆ ಇಟ್ಟಿದ್ರು. ಬರೇ ಮರ ಮೇಜಿನ ಮ್ಯಾಲೆ ಬಿದ್ದಿತ್ತು."

ಲಕ್ಷ್ಮಿಕಾಂತನಿಗೆ ಬೇಕಾದ ಉತ್ತರ ಸಿಕ್ಕಿತು. ಖಾಲಿ ಬಿದ್ದಿದ್ದ ಆ ಅಕ್ರೋಟಿನ ಹಿಡಿಗೆ ಯಾರೋ ಉಮಾಶ್ರೀಯ ಬಂದೂಕಿನ ಕಬ್ಬಿಣವನ್ನು ಕೂಡಿಸಿದ್ದರು. ಆಮೇಲೆ ಮತ್ತೆ ಬಿಚ್ಚಿ ಅವಳದೇ ಎಡಗೈ ಹಿಡಿಗೆ ತಿರುಗಿ ಹಾಕಿದ್ದರು.

ಅವನು ಏಳುವಾಗ ಉಮಾಶ್ರೀ ತಾನಾಗಿ ಮಾತಾಡಿದಳು.

"ಕಣ್ಣು ಹೋಗ್ಲಿ ಅಂದಿದ್ದು ಖರೇನ ರೀ. ಹೊಟ್ಟಿಕಿಚ್ಚು ಇತ್ತು. ಆಕೀನ್ನ ಅಪ್ಪ ಕಾರಿನ್ಯಾಗ ಬಿಟ್ಟು ಹೋಗ್ತಾನ. ನಾನು ನಡಕೊಂಡು ಹೋಗ್ತೀನಿ. ಸರ್ ಆಕಿ ಹಿಂದ ನಿಂತು ಒಂದೊಂದು ಗುಂಡು ನೋಡ್ತಿದ್ರು. ನನ್ನ ಕಡೆ ತಿರುಗಿ ಸೈತ ನೋಡ್ತಿದ್ದಿಲ್ಲ. ಅಂದ ಮಾತು ನಿಜ ಆತಲ್ಲ ಅಂತ ನಿದ್ದಿ ಬರವಲ್ದು. ಹೊಡದಾಕಿ ನಾ ಅಲ್ಲ, ಆದ್ರ ನಂದೂ ಪಾಲು ಐತೇನೋ ಅನಸ್ತದ."

ಹೋದ ವರ್ಷ ತನ್ನ ಜೊತೆಯವನಿಗೆ ಬಡ್ತಿ ಬಂದಾಗ ನಗುನಗುತ್ತ ಹಾರ ಹಾಕಿ, ಮನೆಗೆ ಬಂದು ಹೆಂಡತಿಯ ಮೇಲೆ ಕಾರಣವಿಲ್ಲದೆ ರೇಗಿದ್ದು ಲಕ್ಷ್ಮಿಕಾಂತನಿಗೆ ನೆನಪಾಯಿತು. ಈ ಹುಡುಗಿ ಒಪ್ಪಿಕೊಂಡಷ್ಟು ಸಲೀಸಾಗಿ ಅವನು ಅದನ್ನು ಯಾರ ಮುಂದೆಯೂ ಒಪ್ಪಿಕೊಂಡಿರಲಿಲ್ಲ.

"ಊಟ ಮಾಡಸ್ರಿ ಆಕೀಗೆ" ಎಂದು ಜಟ್ಟೆಮ್ಮನಿಗೆ ಹೇಳಿ ಜೀಪು ಹತ್ತಿದ.

* * *

ರೇವತಿ ಹಿತ್ತಿಲ ಕಟ್ಟೆಯ ಮೇಲೆ ಕುಳಿತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಡಿಸೆಂಬರಿನ ಮಧ್ಯಾಹ್ನ, ಬಿಸಿಲು ಹಿತವಾಗಿತ್ತು. ಎರಡು ಬೆರಳ ನಡುವೆ ಒತ್ತಿದರೆ ಕಾಳು ಸಿಪ್ಪೆಯಿಂದ ಜಾರಿ ಸ್ಟೀಲ್ ಬೋಗುಣಿಗೆ ಬೀಳುತ್ತಿತ್ತು. ಮೂವತ್ತೈದರ ಹೆಂಗಸು. ಬೆನ್ನು ಇನ್ನೂ ಶೂಟರಿನಂತೆ ನೆಟ್ಟಗಿತ್ತು.

"ಇವರು ಇಲ್ಲ ಸರ್. ಆಸ್ಪತ್ರೆಗೆ ಹೋಗಿದಾರೆ, ರಮ್ಯನ ಹತ್ರ. ಗುರುವಾರದಿಂದ ಅಲ್ಲೇ ಜಾಸ್ತಿ."

"ನಾನು ನಿಮ್ಮನ್ನೇ ನೋಡೋಕೆ ಬಂದಿದ್ದು ಮೇಡಂ."

ಅವನು ಲಕೋಟೆ ತೆರೆದು ಕೆಂಪು ಎಳೆಗಳನ್ನು ಕಟ್ಟೆಯ ಮೇಲೆ, ಅವಳ ಮೊಣಕಾಲ ಪಕ್ಕ ಇಟ್ಟ. ರೇವತಿಯ ಮುಖದಲ್ಲಿ ಏನೂ ಬದಲಾಗಲಿಲ್ಲ. ಬೆರಳ ನಡುವೆ ಇದ್ದ ಕಾಳು ಮಾತ್ರ ನಜ್ಜುಗುಜ್ಜಾಯಿತು.

"ಪಾಷಾ ಸಾಹೇಬ್ರ ಹತ್ರ ಹೋಗಿದ್ರಾ?"

"ಹೌದು. ಇದು ಉಮಾಶ್ರೀ ಬಂದೂಕಿನ ಅಡಿ ಅಂಟಿತ್ತು."

ಅವಳು ಕೈ ತೊಳೆದು ಸೆರಗಿಗೆ ಒರೆಸಿಕೊಂಡಳು. ಶೆಡ್ಡಿಗೆ ಹೋಗಿ ಕಬ್ಬಿಣವಿಲ್ಲದ ಆ ಅಕ್ರೋಟಿನ ಹಿಡಿಯನ್ನು ಎತ್ತಿಕೊಂಡು ಬಂದಳು. ಹಳೆಯ ಎಣ್ಣೆಯಿಂದ ಮರ ಜೇನಿನ ಬಣ್ಣಕ್ಕೆ ತಿರುಗಿತ್ತು. ಕೆನ್ನೆ ಇಡುವ ಜಾಗ ಮಾತ್ರ ಬೆಳ್ಳಗೆ, ಹಸಿ ಗಾಯದಂತೆ ಇತ್ತು. ಒಳಗಿನ ಕೆಂಪು ಬನಾತು ಒಂದು ಮೂಲೆಯಲ್ಲಿ ಹರಿದಿತ್ತು.

"ಮದುವೆಯಾದ ಮೇಲೆ ಇವರು ಏನೇನೋ ಕೊಟ್ಟು ಬಿಟ್ಟಿದಾರೆ. ನನ್ನ ಮೆಡಲ್ ಇಟ್ಟಿದ್ದ ಕಪಾಟನ್ನೇ ಯಾರಿಗೋ ಕೊಟ್ರು, ನಾನು ಮಾತಾಡಲಿಲ್ಲ. ಇದು ಹಾಗಲ್ಲ ಸರ್. ಇದರಲ್ಲಿ ನನ್ನ ಕೆನ್ನೆ ಇತ್ತು, ನನ್ನ ಅಂಗೈ ಇತ್ತು. ಒಂದಿನ ಸಂಜೆ ಶೆಡ್‌ಗೆ ಟೀ ತಗೊಂಡು ಹೋದೆ. ರಮ್ಯ ಇದಕ್ಕೆ ಕೆನ್ನೆ ಕೊಟ್ಕೊಂಡು ನಿಂತಿದ್ಲು. ಇವರು ಹಿಂದೆ ನಿಂತು ಅವಳ ಗಲ್ಲ ಸರಿ ಮಾಡ್ತಿದ್ರು. ನನ್ನ ನೋಡಿ ನಗ್ತಾ ಹೇಳಿದ್ರು, 'ನೋಡು, ನಿನಗಿಂತ ಇವಳಿಗೇ ಚೆನ್ನಾಗಿ ಕೂರುತ್ತೆ.'"

"ನೀವೇನಂದ್ರಿ?"

"ಟೀ ಆರುತ್ತೆ ಅಂದೆ."

ಲಕ್ಷ್ಮಿಕಾಂತ ಎಳೆಗಳನ್ನು ಮತ್ತೆ ಲಕೋಟೆಗೆ ಹಾಕಿದ.

"ಗುರುವಾರ ನಾಲ್ಕು ಗಂಟೆಗೆ ಏನಾಯ್ತು ಮೇಡಂ?"

"ಉಮಾ ಹೊರಟುಹೋಗಿದ್ಲು. ಇವರು ಶಿಬಿರದ ಫಾರಂ ಝೆರಾಕ್ಸ್ ಮಾಡಿಸ್ತೀನಿ ಅಂತ ಹೊಸ ತಿಪ್ಪಸಂದ್ರಕ್ಕೆ ಹೋಗಿದ್ರು. ರಮ್ಯ ಅಲ್ಲಿ, ಆ ಸೀಬೆ ಮರದ ಕೆಳಗಿನ ಕಲ್ಲಿನ ಮೇಲೆ, ನಲ್ಲಿ ಬಿಟ್ಕೊಂಡು ಕ್ಯಾನ್ವಾಸ್ ಜಾಕೆಟ್ ಉಜ್ಜುತ್ತಿದ್ಲು. ಶೆಡ್‌ನಲ್ಲಿ ಇದು ಒಂಟಿಯಾಗಿ ಬಿದ್ದಿತ್ತು. ಎಂಟು ತಿಂಗಳಾದ ಮೇಲೆ ಮುಟ್ಟಿದ್ದು. ಮೂರನೇ ನಂಬರಿನ ಕಬ್ಬಿಣ ಬಿಚ್ಚಿ ಇದಕ್ಕೆ ಕೂರಿಸಿದೆ. ಐದು ನಿಮಿಷದ ಕೆಲಸ. ಟೆರೇಸಿಗೆ ಹೋದೆ."

"ಯಾತಕ್ಕೆ?"

ಅವಳು ನೇರವಾಗಿ ಅವನ ಕಣ್ಣು ನೋಡಿದಳು.

"ಸುಳ್ಳು ಹೇಳಲ್ಲ. ಅವಳ ಎಡಗೈಗೆ ಹೊಡೀಬೇಕು ಅಂತ. ಮಣಿಕಟ್ಟಿಗೆ. ಒಂದು ತಿಂಗಳು ಬಂದೂಕು ಎತ್ತಬಾರದು, ಶಿಬಿರ ತಪ್ಪಬೇಕು. ಅಷ್ಟೇ ಬೇಕಾಗಿತ್ತು ನನಗೆ."

"ಗುಂಡು ಕಣ್ಣಿಗೆ ಬಿತ್ತು."

"ಇಲ್ಲ! ಗುಂಡು ಸೀಬೆ ಮರಕ್ಕೆ ಬಿತ್ತು."

ಅವಳು ಹಿಡಿಯನ್ನು ಬಲ ಭುಜಕ್ಕೆ ಕೊಟ್ಟು, ತಲೆ ಬಾಗಿಸಿದಳು. ಭುಜ ಕೂತಿತು, ಅಂಗೈ ಕೂತಿತು. ಕೆನ್ನೆ ಮಾತ್ರ ಮರವನ್ನು ಹುಡುಕುತ್ತ ಕೆಳಗೆ ಹೋಯಿತು. ಮರಕ್ಕೆ ತಾಗಿದಾಗ ಅವಳ ಕಣ್ಣು, ಸೈಟು ಇರಬೇಕಾದ ಜಾಗಕ್ಕಿಂತ ಕೆಳಗಿತ್ತು. ಕಣ್ಣನ್ನು ಮೇಲಕ್ಕೆ ತಂದರೆ ಕೆನ್ನೆ ಗಾಳಿಯಲ್ಲಿ ನಿಲ್ಲುತ್ತಿತ್ತು.

"ನೋಡಿದ್ರಾ? ಕಾಲಿಂಚು. ನನ್ನ ಮುಖಕ್ಕೆ ಇದು ಈಗ ಯಾರದ್ದೋ ಮರ. ಕೆನ್ನೆ ಆನದೆ ಸ್ಪ್ರಿಂಗ್ ಬಂದೂಕು ಹೊಡೆದ್ರೆ ಅದು ಎಲ್ಲಿಗಾದ್ರೂ ಹೋಗುತ್ತೆ. ಸೈಟೂ ಉಮಾನ ಕಣ್ಣಿಗೆ ಸರಿ ಮಾಡಿದ್ದು. ಟ್ರಿಗರ್ ಎಳೆದ ಕೂಡ್ಲೇ ಗೊತ್ತಾಯ್ತು ತಪ್ಪಿತು ಅಂತ. ಸೀಬೆ ಮರದ ತೊಗಟೆ ಹಾರಿದ್ದು ನೋಡಿದೆ. ಅವಳಿಗೆ ಏನೂ ಗೊತ್ತಾಗಲಿಲ್ಲ, ಜಾಕೆಟ್ ಉಜ್ಜುತ್ತಾನೇ ಇದ್ಲು. ಆಗ ಅನ್ನಿಸ್ತು ಸರ್, ಏನು ಮಾಡೋಕೆ ಹೋದೆ ಅಂತ. ಕೆಳಗಿಳಿದು ಎಲ್ಲಾ ಬಿಚ್ಚಿ, ಉಮಾನ ಮರಕ್ಕೇ ಹಾಕಿ, ಶೆಡ್‌ನ ಸ್ಟ್ಯಾಂಡಿನ ಮೇಲೆ ಇಟ್ಟು ಅಡಿಗೆಮನೆಗೆ ಬಂದೆ. ಕುಕ್ಕರ್ ಇಟ್ಟು ಹತ್ತು ನಿಮಿಷ ಆಗಿತ್ತು, ಅವಳು ಕಿರುಚಿದ್ದು ಕೇಳಿಸ್ತು."

ಲಕ್ಷ್ಮಿಕಾಂತ ಎದ್ದು ಸೀಬೆ ಮರದ ಬಳಿಗೆ ಹೋದ. ಬಟ್ಟೆ ಒಗೆಯುವ ಕಲ್ಲಿನಿಂದ ಗೇಣುದ್ದ ಪಕ್ಕಕ್ಕೆ, ಸೊಂಟದ ಎತ್ತರದಲ್ಲಿ, ನುಣುಪಾದ ಕಾಂಡದ ಮೇಲೆ ಮೆಣಸಿನ ಕಾಳಿನಷ್ಟು ತೂತು. ಚಾಕುವಿನ ಮೊನೆಯಿಂದ ಕೆದಕಿದ. ಚಪ್ಪಟೆಯಾದ ಸೀಸ ಅಂಗೈಗೆ ಬಿತ್ತು.

ಆಸ್ಪತ್ರೆಯ ಡಾಕ್ಟರು ರಮ್ಯಶ್ರೀಯ ಕಣ್ಣಿನಿಂದ ತೆಗೆದ ಗುಂಡು ಠಾಣೆಯ ಬೀರುವಿನಲ್ಲಿತ್ತು. ಇದು ಎರಡನೆಯದು. ರೇವತಿ ಹೇಳಿದ್ದು ನಿಜವಿದ್ದರೆ ಅವಳ ನಂತರ ಇನ್ನೊಬ್ಬರು ಆ ಟೆರೇಸನ್ನು ಹತ್ತಿದ್ದರು. ಅವರು ಹೊಡೆದದ್ದು ಎಡಗೈ ಹಿಡಿಯಲ್ಲಿದ್ದ ಬಂದೂಕಿನಿಂದ.

"ಬಂದೂಕು ಮೆಟ್ಟಿಲ ಮೇಲೆ ಸಿಕ್ಕಿತ್ತು" ಎಂದ ಅವನು ತಿರುಗಿ ಬಂದು.

"ನಾನು ಮೆಟ್ಟಿಲ ಮೇಲೆ ಬಿಟ್ಟಿಲ್ಲ."

"ನಾಲ್ಕು ದಿನ ಯಾಕೆ ಬಾಯಿ ಬಿಡಲಿಲ್ಲ? ಆ ಹುಡುಗಿ ದಿನಾ ಠಾಣೆ ಬೆಂಚಿನ ಮೇಲೆ ಕೂರ್ತಿದ್ಲು."

ರೇವತಿ ಮರದ ಹಿಡಿಯನ್ನು ಕಟ್ಟೆಯ ಮೇಲೆ ಇಟ್ಟಳು. "ಉಮಾನೇ ಅಂದ್ಕೊಂಡೆ ಸರ್. ನನಗಿದ್ದ ಹೊಟ್ಟೆಕಿಚ್ಚು ಅವಳಿಗೂ ಇತ್ತಲ್ಲ. ನನಗೆ ತಪ್ಪಿದ ಗುರಿ ಅವಳಿಗೆ ಸಿಕ್ಕಿತು ಅಂದ್ಕೊಂಡೆ. ಮರ ಬೇರೆ ಅವಳದೇ. ಎಡಗೈಯವರು ಇಲ್ಲಿ ಇನ್ಯಾರಿದಾರೆ?"

"ನಿಮ್ಮ ಯಜಮಾನ್ರು ಝೆರಾಕ್ಸ್ ಮಾಡಿಸೋಕೆ ಹೋದ ಆ ಶಿಬಿರದ ಫಾರಂ ಎಲ್ಲಿದೆ? ನೋಡಬೇಕು."

ಅವಳು ಅವನನ್ನು ಒಳಗೆ ಕರೆದುಕೊಂಡು ಹೋದಳು. ಮುಂದಿನ ಕೋಣೆ ಜಗನ್‌ನ ಆಫೀಸು. ಗೋಡೆ ತುಂಬ ಶಿಷ್ಯರ ಫೋಟೋಗಳು, ಗೆದ್ದ ಕಪ್ಪುಗಳು. ರೇವತಿ ಡ್ರಾಯರಿನಿಂದ ಒಂದು ಹಸಿರು ಫೈಲು ತೆಗೆದುಕೊಟ್ಟಳು.

ಒಳಗೆ ಒಂದೇ ಹಾಳೆ. ರಮ್ಯಶ್ರೀಯದೇ ದುಂಡು ಅಕ್ಷರ. ಹೆಸರು, ವಯಸ್ಸು, ಊರು. ಕೊನೆಯಲ್ಲಿ, ಇನ್ನು ಮುಂದೆ ತರಬೇತಿ ನೀಡುವವರ ಹೆಸರು ಎಂಬ ಸಾಲಿನ ಮುಂದೆ ಅವಳು ಬರೆದಿದ್ದುದು ಜಗನ್ ಎಂದಲ್ಲ. ಪುಣೆಯ ಯಾರೋ ಒಬ್ಬರ ಹೆಸರು. ಆ ಹೆಸರಿನ ಮೇಲೆ ಯಾರೋ ಪೆನ್ನು ಎಳೆದಿದ್ದರು. ಒಂದು ಸಲವಲ್ಲ, ಹತ್ತಾರು ಸಲ. ಅಲ್ಲಲ್ಲಿ ಕಾಗದ ಹರಿದಿತ್ತು, ಆದರೂ ಅಕ್ಷರಗಳನ್ನು ಓದಬಹುದಿತ್ತು.

"ಇದರ ಝೆರಾಕ್ಸ್ ಎಲ್ಲಿ?"

ರೇವತಿ ಫೈಲನ್ನು ಮಗುಚಿ ನೋಡಿದಳು. ಬೇರೆ ಹಾಳೆ ಇರಲಿಲ್ಲ.

"ರಮ್ಯ ಇವರನ್ನ ಬಿಟ್ಟು ಹೋಗ್ತಿದ್ಲಾ?" ಅವಳು ತನಗೆ ತಾನೇ ಕೇಳಿಕೊಂಡಂತೆ ಹೇಳಿದಳು. "ನನಗೆ ಹೇಳಲೇ ಇಲ್ಲ. ಇಷ್ಟು ದಿನ ಅವಳ ಮೇಲೆ ಉರಿದುಕೊಂಡೆನಲ್ಲ ನಾನು. ಅವಳು ಹೋಗೋಳೇ ಇದ್ಲಾ?"

ಲಕ್ಷ್ಮಿಕಾಂತನ ಕಣ್ಣು ಕಪ್ಪುಗಳ ಹಿಂದೆ, ಕಿಟಕಿಯ ಮೂಲೆಯಲ್ಲಿ ನೇತು ಹಾಕಿದ್ದ ಒಂದು ಕಪ್ಪು ಬಿಳುಪು ಫೋಟೋದ ಮೇಲೆ ನಿಂತಿತ್ತು. ಸಣಕಲು ಯುವಕನೊಬ್ಬ ಬಂದೂಕು ಹಿಡಿದು ಗುರಿ ನೋಡುತ್ತಿದ್ದ. ಕೆಳಗೆ 1982 ಎಂದು ಬರೆದಿತ್ತು.

"ಇದು ಯಾರು ಮೇಡಂ?"

"ಇವರೇ. ನಮ್ಮ ಮದುವೆಗೆ ಮುಂಚಿನದು. ಆಮೇಲೆ ಸ್ಕೂಟರಿನಿಂದ ಬಿದ್ದು ಭುಜ ಮುರೀತು, ಹೊಡೆಯೋದು ಬಿಟ್ರು. ಬರೀ ಕೋಚಿಂಗು. ನಾನೂ ಇವರು ಹೊಡೆದದ್ದು ಯಾವತ್ತೂ..."

ಮಾತು ಅಲ್ಲೇ ನಿಂತಿತು. ಅವಳೂ ನೋಡಿದ್ದಳು.

ಯುವಕನ ಬಂದೂಕು ಎಡ ಭುಜಕ್ಕೆ ಒರಗಿತ್ತು. ಟ್ರಿಗರಿನ ಮೇಲೆ ಎಡಗೈ ಬೆರಳು. ಎಡಗೆನ್ನೆ ಮರದ ಮೇಲೆ ಆರಾಮವಾಗಿ ಮಲಗಿತ್ತು.

"ಫೋನ್ ಎಲ್ಲಿದೆ?" ಎಂದ ಲಕ್ಷ್ಮಿಕಾಂತ.

ರೇವತಿ ಬೆರಳು ತೋರಿಸಿದಳು.

ಅವನು ಕಣ್ಣಾಸ್ಪತ್ರೆಯ ನಂಬರು ತಿರುಗಿಸಿದ. ಮೂರನೇ ಪ್ರಯತ್ನಕ್ಕೆ ಲೈನು ಸಿಕ್ಕಿತು. ವಾರ್ಡಿನ ನರ್ಸ್ ಎತ್ತಿಕೊಂಡಳು.

"ನಾನು ಎಸ್ಸೈ ಲಕ್ಷ್ಮಿಕಾಂತ. ಹನ್ನೆರಡನೇ ಬೆಡ್ಡಿನ ರಮ್ಯಶ್ರೀ ಹತ್ರ ಈಗ ಯಾರಿದಾರೆ? ನಮ್ಮ ಪೊಲೀಸ್ನೋರು ಬರೋವರೆಗೂ ಅಲ್ಲಿಂದ ನೀವು ಕದಲಬೇಡಿ. ಯಾರನ್ನೂ ಒಳಗೆ ಬಿಡಬೇಡಿ."

"ಸರ್, ಪೇಷಂಟ್ ಇಲ್ಲ. ಅವರ ಕೋಚ್ ಕರ್ಕೊಂಡು ಹೋದ್ರಲ್ಲ, ಅರ್ಧ ಗಂಟೆ ಆಯ್ತು. ಮದ್ರಾಸಿನ ದೊಡ್ಡ ಆಸ್ಪತ್ರೆಗೆ ಅಂದ್ರು. ಕಾರು ತಂದಿದ್ರು."

"ಅವಳ ಅಪ್ಪ ಮುನಿಶಾಮಿ?"

"ಅವರು ಮನೆಗೆ ಊಟಕ್ಕೆ ಹೋಗಿದ್ರು. ಅವರಿಗೆ ಹೇಳಿದೀನಿ ಅಂದ್ರು ಕೋಚ್. ನಾವು ನಂಬಿದ್ವಿ ಸರ್, ನಾಲ್ಕು ದಿನದಿಂದ ಅವರೇ ಬಾಯಿಗೆ ತುತ್ತಿಟ್ಟು ನೋಡ್ಕೊಂಡಿದಾರೆ. ಗಾಯದ ಕಣ್ಣು ಅಲುಗಬಾರ್ದು ಅಂತ ಹುಡುಗಿಗೆ ಎರಡೂ ಕಣ್ಣಿಗೆ ಪಟ್ಟಿ ಇದೆ, ಕೈ ಹಿಡ್ಕೊಂಡೇ ನಡೆಸ್ಕೊಂಡು ಹೋದ್ರು."

"ಅವಳು ಏನಾದ್ರೂ ಹೇಳಿದ್ಲಾ? ಹೋಗಲ್ಲ ಅಂತ, ಏನಾದ್ರೂ?"

"ಇಲ್ಲ ಸರ್. ಇಷ್ಟು ದಿನ ಮಾತೇ ಆಡ್ತಿರಲಿಲ್ಲ, ಮಂಪರಿನಲ್ಲೇ ಇದ್ಲು. ಇವತ್ತು ಮಧ್ಯಾಹ್ನ ಮೊದಲ ಸಲ ಸರಿಯಾಗಿ ಬಾಯಿ ಬಿಟ್ಲು. ನಾನು ಇಂಜೆಕ್ಷನ್ ಕೊಡ್ತಿದ್ದೆ. ಅವರನ್ನ ಒಂದೇ ಒಂದು ಮಾತು ಕೇಳಿದ್ಲು. ಅದಾದ ಮೇಲೇ ಅವರು ಡಿಸ್ಚಾರ್ಜ್‌ಗೆ ಅವಸರ ಮಾಡಿದ್ದು."

"ಏನು ಕೇಳಿದ್ಲು?"

"'ಸರ್, ನಾನು ಜಾಕೆಟ್ ಹಿಂಡಿ ಮೇಲೆ ನೋಡಿದಾಗ ನೀವು ಟೆರೇಸಿನಲ್ಲಿ ಯಾಕೆ ಅಳ್ತಾ ನಿಂತಿದ್ರಿ?' ಅಂತ."